ಹಿಜ್ಕೀಯನ ಪ್ರಾರ್ಥನೆ: 2 ಅರಸುಗಳು 18–19ರಲ್ಲಿ ಎಡವುವ ಜಾಗಗಳು

ಕೋಲಾರದ ನಮ್ಮ ಬುಧವಾರದ ಬೈಬಲ್ ಅಧ್ಯಯನಕ್ಕೆ ಬರುವವರು ಈ ಎರಡು ಅಧ್ಯಾಯ ಓದಿಕೊಂಡು ಬನ್ನಿ. ಯೆಹೂದದ ಅರಸ ಹಿಜ್ಕೀಯನ ಮೇಲೆ ಅಶ್ಶೂರದ ಮುತ್ತಿಗೆ, ಅಶ್ಶೂರದ ಅಧಿಕಾರಿ ರಬ್ಷಾಕೆಯ ಬೆದರಿಕೆ, ಒಂದೇ ರಾತ್ರಿಯಲ್ಲಿ ಸತ್ತ ಅಶ್ಶೂರದ 1,85,000 ಮಂದಿ, ಇದೆಲ್ಲ ಗೊತ್ತಿರುವುದೇ. ತೊಡಕಿರುವ ಕಡೆ ಮಾತ್ರ ನಿಲ್ಲೋಣ.

ಮೊದಲನೆಯದು 18:14–16. ಹಿಜ್ಕೀಯ ಯೆಹೋವನಲ್ಲಿ ಭರವಸವಿಟ್ಟಿದ್ದ ಎನ್ನುತ್ತದೆ 5ನೇ ವಚನ. ಆದರೆ 14ರಲ್ಲಿ ಅವನೇ, ಅಶ್ಶೂರದ ಅರಸ ಸನ್ಹೇರೀಬನಿದ್ದ ಲಾಕೀಷಿಗೆ ದೂತರನ್ನು ಕಳಿಸಿ, ತಪ್ಪಾಯಿತು, ಕೇಳಿದಷ್ಟು ಕೊಡುತ್ತೇನೆ ಎನ್ನುತ್ತಾನೆ. 300 ತಲಾಂತು ಬೆಳ್ಳಿ, 30 ತಲಾಂತು ಚಿನ್ನ. ಒಂದು ತಲಾಂತು ಸುಮಾರು 30 ಕೆ.ಜಿ. ಅಂದರೆ ಚಿನ್ನವೇ 900 ಕೆ.ಜಿ. ಹತ್ತಿರ, ಗಣಿಯ ಪಕ್ಕ ಬೆಳೆದವರಿಗೆ ಅದೆಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ದೇವಾಲಯದ ಬಾಗಿಲಿನ ಹೊದಿಕೆಯನ್ನೂ ಕಿತ್ತುಕೊಟ್ಟ. ಇದೇ ಕಥೆ ಹೇಳುವ ಯೆಶಾಯ 36ರಲ್ಲಿ ಈ ಮೂರು ವಚನಗಳೇ ಇಲ್ಲ, ಹಾಗಾಗಿ ಅದನ್ನಷ್ಟೇ ಓದಿದವರಿಗೆ ಹಿಜ್ಕೀಯ ಮೊದಲಿನಿಂದಲೂ ಅಲುಗಾಡದವನಂತೆ ಕಾಣುತ್ತಾನೆ. ಸನ್ಹೇರೀಬನ ಶಾಸನವೂ ಕ್ರಿ.ಪೂ. 701ರ ಈ ದಂಡಯಾತ್ರೆಯ ಲೆಕ್ಕ ಕೊಡುತ್ತದೆ. ಅಲ್ಲಿಯೂ ಚಿನ್ನ 30 ತಲಾಂತು, ಬೆಳ್ಳಿ ಮಾತ್ರ 800. ಕೋಟೆಯಿದ್ದ 46 ಊರು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು ಅವನು ಬರೆಸಿದ್ದಾನೆ. ಯೆರೂಸಲೇಮನ್ನು ಹಿಡಿದೆ ಎಂದು ಬರೆಸಿಲ್ಲ.

ಕಪ್ಪ ಕೊಟ್ಟ ಮೇಲೂ ಸೈನ್ಯ ಯೆರೂಸಲೇಮಿಗೆ ಬಂತು. ನಿಂತ ಜಾಗ ನೋಡಿ: ಅಗಸರ ಹೊಲದ ದಾರಿಯಲ್ಲಿ, ಮೇಲಣ ಕೆರೆಯ ಕಾಲುವೆಯ ಬಳಿ. ಕೆರೆ ಏರಿಯ ಮೇಲೆ ಶತ್ರು ಬಂದು ನಿಂತರೆ ಊರಿನ ಗತಿ ಏನೆಂದು ನಮ್ಮ ಕಡೆಯವರಿಗೆ ಗೊತ್ತು. ಹಿಜ್ಕೀಯನ ತಂದೆ ಆಹಾಜನಿಗೆ ‘ಹೆದರಬೇಡ’ ಎಂದು ಪ್ರವಾದಿ ಯೆಶಾಯ ಹೇಳಿದ್ದೂ ಇದೇ ಜಾಗದಲ್ಲಿ (ಯೆಶಾಯ 7:3–4).

ಇನ್ನು ರಬ್ಷಾಕೆಯ ಮಾತು. ಪೆನ್ಸಿಲ್ ಹಿಡಿದು 18:19ರಿಂದ 24ರವರೆಗೆ ‘ಭರವಸ’, ‘ನಂಬು’ ಎಂಬರ್ಥದ ಪದಗಳಿಗೆ ಗೆರೆ ಹಾಕಿ. ಇಬ್ರಿಯದಲ್ಲಿ 23 ಬಿಟ್ಟು ಪ್ರತಿ ವಚನದಲ್ಲೂ ಆ ಮೂಲಪದ ಇದೆ. ಆಮೇಲೆ 30ರಲ್ಲಿ, ಕೊನೆಗೆ 19:10ರಲ್ಲಿ. ಇಡೀ ಭಾಷಣ ಈ ಒಂದು ಪದಕ್ಕೇ ಗುರಿಯಿಟ್ಟಿದೆ. ಬಿಟ್ಟುಹೋದ 23ರಲ್ಲಿ ಬರೀ ಗೇಲಿ: 2,000 ಕುದುರೆ ಕೊಡುತ್ತೇನೆ, ಹತ್ತಿಸಲು ನಿನ್ನಲ್ಲಿ ಜನ ಇದ್ದಾರಾ?

ಹೆಚ್ಚು ಜನ ಸಿಕ್ಕಿಬೀಳುವುದು 22ರಲ್ಲಿ. ‘ಯೆಹೋವನನ್ನು ನಂಬಿದ್ದೇವೆ ಅನ್ನುತ್ತೀರಿ, ಅವನ ಪೂಜಾಸ್ಥಳಗಳನ್ನು ಹಿಜ್ಕೀಯನೇ ಕೆಡವಿದನಲ್ಲ?’ ಕೆಡವಿದ್ದು ನಿಜ (18:4). ನೀವು ನಂಬಿದ ಐಗುಪ್ತ ಮುರಿದ ದಂಟು ಎಂದು ಅವನು ಹೇಳಿದ್ದೂ (21) ನಿಜ. ಹಾಗಾದರೆ ಸುಳ್ಳೆಲ್ಲಿ? ಸಂಗತಿ ಸರಿ, ಅದಕ್ಕೆ ಹಚ್ಚಿದ ಅರ್ಥ ತಪ್ಪು. ಬಲಿಪೀಠ ಹೆಚ್ಚಿದಷ್ಟು ದೇವರು ಒಲಿಯುತ್ತಾನೆ ಎಂಬುದು ಅವನ ಎಣಿಕೆ. ಹಿಜ್ಕೀಯ ಕೆಡವಿದ್ದು ಯೆಹೋವನಿಗೆ ವಿಧೇಯನಾಗಿಯೇ. ಮುಕ್ಕಾಲು ನಿಜದೊಳಗೆ ಕಾಲು ಸುಳ್ಳು ಸೇರಿದ ಇಂಥ ಮಾತಿಗೆ ಗೋಡೆಯ ಮೇಲೆ ನಿಂತು ಉತ್ತರಿಸಲು ಹೊರಟರೆ ಪ್ರತಿ ನಿಜವನ್ನೂ ಒಪ್ಪುತ್ತಾ ಹೋಗಬೇಕು, ಕೇಳುವವರ ಧೈರ್ಯ ಅಲ್ಲೇ ಕರಗುತ್ತದೆ. ಅರಾಮ್ಯ ಭಾಷೆಯಲ್ಲಿ ಮಾತಾಡು ಎಂದು ಹಿಜ್ಕೀಯನ ಅಧಿಕಾರಿ ಎಲ್ಯಾಕೀಮ ಮುಂತಾದವರು ಬೇಡಿದಾಗ ಅವನು ಬೇಕೆಂದೇ ಯೆಹೂದ್ಯರ ಭಾಷೆಯಲ್ಲಿ ಕೂಗಿದ್ದೂ ಇದಕ್ಕೇ. ‘ಉತ್ತರ ಕೊಡಬೇಡಿ’ ಎಂಬ ಹಿಜ್ಕೀಯನ ಆಜ್ಞೆಯನ್ನು (18:36) ಹೇಡಿತನ ಎಂದು ಬರೆದುಕೊಳ್ಳಬೇಡಿ.

19ನೇ ಅಧ್ಯಾಯದಲ್ಲಿ ಎರಡು ಸುತ್ತುಗಳಿವೆ, ಬೆರೆಸಬೇಡಿ. ಮೊದಲ ಸಲ ಹಿಜ್ಕೀಯ ಗೋಣಿತಟ್ಟು ಉಟ್ಟು, ಪ್ರಾರ್ಥಿಸು ಎಂದು ಯೆಶಾಯನಿಗೆ ಹೇಳಿಕಳಿಸುತ್ತಾನೆ. ಅಲ್ಲಿ ‘ನಿನ್ನ ದೇವರಾದ ಯೆಹೋವನು’ (4). ಎರಡನೇ ಸಲ ಸನ್ಹೇರೀಬನ ಪತ್ರ ಬಂದಾಗ ಅದನ್ನು ದೇವಾಲಯದಲ್ಲಿ ಬಿಚ್ಚಿಟ್ಟು ತಾನೇ ಪ್ರಾರ್ಥಿಸುತ್ತಾನೆ. ಈಗ ‘ನಮ್ಮ ದೇವರಾದ ಯೆಹೋವನೇ’ (19).

ಪ್ರಾರ್ಥನೆಯಲ್ಲಿ 17ನೇ ವಚನ ಬಿಟ್ಟರೆ ಉಳಿದದ್ದು ನಿಲ್ಲುವುದಿಲ್ಲ. ಅಶ್ಶೂರದ ಅರಸರು ಜನಾಂಗಗಳನ್ನು ಹಾಳುಮಾಡಿದ್ದು ‘ನಿಜ’ ಎಂದು ಅವನು ಒಪ್ಪುತ್ತಾನೆ. ಬೆದರಿಕೆಯನ್ನು ಚಿಕ್ಕದು ಮಾಡುವುದಿಲ್ಲ. ತಮ್ಮ ಜನರನ್ನು ಬಿಡಿಸಲಾಗದ ದೇವರುಗಳೆಂದು ರಬ್ಷಾಕೆ ಕೊಟ್ಟ ಪಟ್ಟಿಯನ್ನು ಹಾಗೇ ಇಟ್ಟುಕೊಂಡು, ಅವು ಬರೀ ಮರ, ಕಲ್ಲು ಎಂಬ ಒಂದು ತಿದ್ದುಪಡಿ ಸೇರಿಸುತ್ತಾನೆ (18). ಬೇಡಿಕೆ ಒಂದೇ: ನಮ್ಮನ್ನು ರಕ್ಷಿಸು, ನೀನೊಬ್ಬನೇ ದೇವರೆಂದು ಎಲ್ಲ ರಾಜ್ಯಗಳಿಗೆ ತಿಳಿಯಲಿ.

ಕೊನೆಗೆ ಯೆಶಾಯನ ಮೂಲಕ ಹಿಜ್ಕೀಯನಿಗೆ ಸಿಕ್ಕ 19:29ರ ಗುರುತು, ಎಲ್ಲರೂ ಹಾರಿಸುವ ವಚನ. ಈ ವರ್ಷ ಉದುರಿದ ಕಾಳಿನಿಂದ ತಾನೇ ಬೆಳೆದದ್ದು, ಎರಡನೇ ವರ್ಷ ಅದರಿಂದ ಹುಟ್ಟಿದ್ದು, ಮೂರನೇ ವರ್ಷ ಬಿತ್ತಿ ಕೊಯ್ಯಿರಿ. ಸೈನ್ಯ ಹೊಲದ ಮೇಲೆ ಕೂತು ಬಿತ್ತನೆ ತಪ್ಪಿತ್ತು. ಹದ ತಪ್ಪಿದ ರಾಗಿ ಹೊಲ ನೋಡಿದವರಿಗೆ ಇದರ ತೂಕ ತಿಳಿಯುತ್ತದೆ. ಸೈನ್ಯ ಸತ್ತದ್ದು ಒಂದು ರಾತ್ರಿಯಲ್ಲಿ, ಕಣಜಕ್ಕೆ ಬಿತ್ತಿದ ಬೆಳೆ ಬರಲು ಮೂರನೇ ವರ್ಷ ಆಗಬೇಕು. 19:37ರಲ್ಲಿ ಸನ್ಹೇರೀಬನನ್ನು ಮಕ್ಕಳೇ ಕೊಲ್ಲುವುದೂ ಮರುದಿನವಲ್ಲ, ಅದು ಕ್ರಿ.ಪೂ. 681, ಇಪ್ಪತ್ತು ವರ್ಷ ಆಚೆ.