ದೂರು ಪಾಸ್ಟರ್ ಮನೆಯ ಹೊಸ್ತಿಲಲ್ಲಿ ನಿಲ್ಲಬಾರದು

ತಾಲ್ಲೂಕು ಕೇಂದ್ರದ ಒಂದು ಸಣ್ಣ ಕ್ರೈಸ್ತ ಟ್ರಸ್ಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವತ್ತು ಮಕ್ಕಳ ಹಾಸ್ಟೆಲ್, ಹೊಲಿಗೆ ತರಬೇತಿ, ವಾರಕ್ಕೊಮ್ಮೆ ಸಂಡೇ ಸ್ಕೂಲ್, ಬೇಸಿಗೆ ರಜೆಯಲ್ಲಿ ಮಕ್ಕಳ ಬೈಬಲ್ ಶಿಬಿರವಾದ ವಿ.ಬಿ.ಎಸ್. ಅಧ್ಯಕ್ಷರು ಪಾಸ್ಟರ್, ಕಾರ್ಯದರ್ಶಿ ಅವರ ಪತ್ನಿ, ಖಜಾಂಚಿ ಅವರ ಬಾಮೈದ, ವಾರ್ಡನ್ ಅದೇ ಸಭೆಯಲ್ಲಿ, ಅಂದರೆ ಅದೇ ಚರ್ಚಿನ ಬಳಗದಲ್ಲಿ, ಬೆಳೆದ ಯುವಕ. ಪ್ರಾರ್ಥನೆ, ಊಟ, ಸಂಬಳ, ಬೈಗುಳ ಎಲ್ಲವೂ ಒಂದೇ ಅಂಗಳದಲ್ಲಿ. ಇಂಥ ಮನೆಗಳ ಅಕ್ಕರೆಯಿಂದಲೇ ಎಷ್ಟೋ ಬಡಮಕ್ಕಳು ಎಸ್ಸೆಸ್ಸೆಲ್ಸಿ ದಾಟಿ ಬದುಕು ಕಟ್ಟಿಕೊಂಡಿದ್ದಾರೆ, ಅದನ್ನು ನಾನು ಬಲ್ಲೆ. ಆದರೂ ಮಕ್ಕಳ ರಕ್ಷಣೆಯ ತರಬೇತಿಗೆ ಕರೆದಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಅಂಗಳದವರಲ್ಲೇ ಒಬ್ಬರಿಂದ ತೊಂದರೆಯಾದರೆ ಏಳನೇ ತರಗತಿಯ ಹುಡುಗಿ ಯಾರ ಹತ್ತಿರ ಹೇಳಿಕೊಳ್ಳಬೇಕು?

‘ಪಾಸ್ಟರಮ್ಮನ ಹತ್ತಿರ ಹೇಳ್ತಾಳೆ ಮೇಡಂ, ಅವರು ತಾಯಿ ಇದ್ದ ಹಾಗೆ’ ಎನ್ನುತ್ತಾರೆ. ತೊಂದರೆ ಕೊಟ್ಟವನು ಆ ತಾಯಿಯ ತಮ್ಮನೇ ಆಗಿದ್ದರೆ? ಅಲ್ಲಿಗೆ ಮಾತು ನಿಂತುಹೋಗುತ್ತದೆ. ಹೇಳಿಕೊಳ್ಳುವ ದಾರಿಗಳೆಲ್ಲ ಒಂದೇ ಮನೆಗೆ ಹೋಗಿ ಸೇರುವುದೇ ಸಣ್ಣ ಸಂಸ್ಥೆಯ ದೊಡ್ಡ ಅಪಾಯ. ಹಾಗಾಗಿ ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ. ಪಾಸ್ಟರ್ ಕುಟುಂಬಕ್ಕೂ ಟ್ರಸ್ಟಿಗೂ ನೆಂಟಸ್ತನವಿಲ್ಲದ, ಸಾಧ್ಯವಾದರೆ ಆ ಸಭೆಗೇ ಸೇರದ ಇಬ್ಬರು ಹೊರಗಿನವರ ಹೆಸರು ಮತ್ತು ಫೋನ್ ನಂಬರ್ ಊಟದ ಹಾಲಿನ ಗೋಡೆಯ ಮೇಲೆ ಇರಬೇಕು. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಪಕ್ಕದಲ್ಲೇ ಮಕ್ಕಳ ಸಹಾಯವಾಣಿ 1098 ಇರಲಿ. ವಾರ್ಡನ್‌ನನ್ನು ಕೇಳದೆ ಮಗು ಎತ್ತಿ ಮಾತಾಡಬಹುದಾದ ಒಂದು ಫೋನೂ ಬೇಕು. ಫೋನ್ ಆಫೀಸಿನ ಬೀರುವಿನಲ್ಲಿದ್ದರೆ ಗೋಡೆಯ ಮೇಲಿನ ನಂಬರು ಬರೀ ಬಣ್ಣ.

ದೂರು ಬಂದ ದಿನ ಏನಾಗುತ್ತದೆ ನೋಡಿ. ಟ್ರಸ್ಟಿಗಳು ಸೇರುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಆಮೇಲೆ ಯಾರೋ ಒಬ್ಬರು ಬೈಬಲ್ ತೆರೆಯುತ್ತಾರೆ. ಬಹುಮಟ್ಟಿಗೆ ಮೂರೇ ಭಾಗಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಮತ್ತಾಯ 18: ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನನ್ನೇ ಕಂಡು ತಿಳಿಸು ಎಂಬ ಮಾತು. ಅದು ಸರಿಸಮಾನರಾದ ಇಬ್ಬರ ನಡುವಿನ ಜಗಳಕ್ಕೆ ಹೇಳಿದ್ದು. ಹದಿಮೂರರ ಹುಡುಗಿಯನ್ನು ತನ್ನ ಮೈಮುಟ್ಟಿದವನ ಎದುರು ಒಬ್ಬಳನ್ನೇ ನಿಲ್ಲಿಸುವುದಕ್ಕೆ ಆ ವಚನವನ್ನು ಬಳಸುವುದು ವಚನಕ್ಕೇ ಮಾಡುವ ಅನ್ಯಾಯ. ಅದೇ ಅಧ್ಯಾಯದಲ್ಲಿ ಕೆಲವೇ ವಚನಗಳ ಹಿಂದೆ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂದು ಯೇಸು ಹೇಳಿದ್ದಾರೆ. ಆ ಮೀಟಿಂಗುಗಳಲ್ಲಿ 6ನೇ ವಚನ ಓದುವವರು ಅಪರೂಪ.

ಎರಡನೆಯದು ಒಂದನೇ ತಿಮೊಥೆಯ 5:19. ಹಿರಿಯರ ಮೇಲಿನ ದೂರನ್ನು ಎರಡು ಮೂರು ಸಾಕ್ಷಿಗಳಿಲ್ಲದೆ ಒಪ್ಪಬೇಡ ಎನ್ನುವುದು. ಲೈಂಗಿಕ ದೌರ್ಜನ್ಯ ಸಾಕ್ಷಿ ಕರೆದು ನಡೆಯುವುದಿಲ್ಲ. ಈ ಅಳತೆಗೋಲು ಹಿಡಿದರೆ ಯಾವ ಮಗುವಿನ ಮಾತೂ ಎಂದಿಗೂ ನಿಲ್ಲದು. ಈ ಪತ್ರ ಬರೆದ ಪೌಲನು ಮುಂದಿನ ವಚನಗಳಲ್ಲೇ, ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸು, ಪಕ್ಷಪಾತ ಮಾಡಬೇಡ ಎನ್ನುತ್ತಾನೆ. ಮೂರನೆಯದು ಒಂದನೇ ಕೊರಿಂಥ 6, ವಿಶ್ವಾಸಿಗಳು ತಮ್ಮ ವ್ಯಾಜ್ಯವನ್ನು ಹೊರಗಿನ ನ್ಯಾಯಸ್ಥಾನಕ್ಕೆ ಒಯ್ಯಬಾರದೆಂಬುದು. ಅಲ್ಲಿ ಪೌಲನು ಮಾತಾಡುತ್ತಿರುವುದು ಒಬ್ಬರಿಗೊಬ್ಬರು ಮಾಡಿಕೊಂಡ ಮೋಸ, ಸಣ್ಣಪುಟ್ಟ ತಕರಾರುಗಳ ಬಗ್ಗೆ. ಮಗುವಿನ ಮೇಲಿನ ಅಪರಾಧ ವ್ಯಾಜ್ಯವಲ್ಲ, ಅದನ್ನು ರಾಜಿ ಮಾಡಿಕೊಳ್ಳಲು ಯಾವ ಸಭೆಗೂ ಅಧಿಕಾರವಿಲ್ಲ. ನಾನೂ ವಿಶ್ವಾಸಿಯೇ. ದೇವರ ವಾಕ್ಯವನ್ನು ಬಾಯಿ ಮುಚ್ಚಿಸಲು ಬಳಸುವುದನ್ನು ಕಂಡಾಗ ನನಗೆ ತಡೆಯಲಾರದ ಸಂಕಟವಾಗುತ್ತದೆ.

ಇನ್ನು ಕಾನೂನು. ‘ಮೊದಲು ನಾವು ವಿಚಾರಿಸ್ತೀವಿ, ನಿಜ ಅನ್ನಿಸಿದರೆ ಪೊಲೀಸರಿಗೆ ಹೇಳ್ತೀವಿ’ ಎಂಬ ಅವಕಾಶ ಟ್ರಸ್ಟಿಗೆ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಸಹ ಸ್ಥಳೀಯ ಪೊಲೀಸರಿಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ಈ ಹೊಣೆ ಅಡುಗೆಯವರಿಗೂ ಇದೆ, ಸಂಡೇ ಸ್ಕೂಲ್ ಟೀಚರಿಗೂ ಇದೆ, ಅಧ್ಯಕ್ಷರ ಅಪ್ಪಣೆಗೆ ಕಾಯಬೇಕಾಗಿಲ್ಲ. ಪಾದ್ರಿಗಳಿಗೆಂದು ಪ್ರತ್ಯೇಕ ವಿನಾಯಿತಿಯನ್ನು ಆ ಸೆಕ್ಷನ್ ಬರೆದಿಲ್ಲ. ತಿಳಿಸದಿದ್ದವರಿಗೆ 21ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ‘ಸುಳ್ಳು ದೂರಾದರೆ ನಮ್ಮ ಗತಿಯೇನು’ ಎಂದು ಕೇಳುವವರಿಗೆ: ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ನಿಲ್ಲುವುದಿಲ್ಲವೆಂದು ಅದೇ 19ನೇ ಸೆಕ್ಷನ್ ಹೇಳುತ್ತದೆ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಾಸ್ಟೆಲೊಂದರ ಬಾಲಕಿಯರಿಗೆ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರ ಮೇಲೆ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲವೆಂದು ಕೇಸಾಗಿತ್ತು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ಸುಮ್ಮನಿರುವುದು ಗಂಭೀರ ಅಪರಾಧ ಎಂದಿತು. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಕೇಸು ಮಗುವಿನ ಮನೆಯವರ ಜೊತೆಗಿನ ರಾಜಿಯಿಂದ ರದ್ದಾಗಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ‘ಹುಡುಗಿಯ ತಂದೆ ಬರೆದುಕೊಟ್ಟಿದ್ದಾರೆ’ ಎಂದು ಛಾಪಾ ಕಾಗದ ತೋರಿಸುವ ಟ್ರಸ್ಟಿಗಳು ಈ ತೀರ್ಪನ್ನು ಒಮ್ಮೆ ಓದಬೇಕು. ಹಾಸ್ಟೆಲ್ ಫೀಸು ಕಟ್ಟಲಾಗದ ಕೂಲಿ ತಂದೆಯ ಸಹಿ ಎಷ್ಟರಮಟ್ಟಿಗೆ ಒಪ್ಪಿಗೆ ಎನ್ನುವುದು ಆಮೇಲಿನ ಪ್ರಶ್ನೆ.

ಮಗು ಬಾಯಿಬಿಟ್ಟ ಆ ಮೊದಲ ಗಳಿಗೆಯಲ್ಲಿ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಕೇಳಿಸಿಕೊಳ್ಳಿ. ‘ಹೇಳಿದ್ದು ಒಳ್ಳೇದಾಯ್ತು ಕಣಮ್ಮ, ನಿನ್ನ ತಪ್ಪಿಲ್ಲ’ ಎನ್ನಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ‘ಅಲ್ಲಿ ಮುಟ್ಟಿದ್ನಾ, ಇಲ್ಲಿ ಮುಟ್ಟಿದ್ನಾ’ ಎಂದು ಬಾಯಿಗೆ ಮಾತು ತುರುಕಬೇಡಿ. ಮಗು ಲಂಬಾಣಿಯಲ್ಲೋ ತುಳುವಿನಲ್ಲೋ ಹೇಳಿದ್ದರೆ ಅದೇ ಮಾತನ್ನು ಹಾಗೆಯೇ ಬರೆದಿಡಿ, ನಿಮ್ಮ ಸಭ್ಯ ಕನ್ನಡಕ್ಕೆ ತಿರುಗಿಸಬೇಡಿ. ತಾರೀಖು, ಸಮಯ, ನಿಮ್ಮ ಸಹಿ ಹಾಕಿ. ಟ್ರಸ್ಟಿಗಳ ಮುಂದೆ ಮತ್ತೊಮ್ಮೆ ಹೇಳಿಸಬೇಡಿ. ಅವಳ ಹೇಳಿಕೆ ಪಡೆಯುವುದು ಪೊಲೀಸರ ಕೆಲಸ, ಅದಕ್ಕೂ ನಿಯಮವಿದೆ: ಮಗು ಇರುವಲ್ಲೇ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರವಿಲ್ಲದೆ. ಆರೋಪ ಹೊತ್ತವನನ್ನು ಕರೆದು ವಿಚಾರಿಸಲೂ ಹೋಗಬೇಡಿ. ಮೊಬೈಲಿನಲ್ಲಿರುವುದನ್ನು ಅಳಿಸಲು ಅಷ್ಟು ಸಮಯ ಸಾಕು. ಹಾಸ್ಟೆಲಿನಿಂದ ಹೊರಗಿರಬೇಕಾದವನು ಅವನು. ‘ಸ್ವಲ್ಪ ದಿನ ಊರಿಗೆ ಹೋಗಿ ಬಾ’ ಎಂದು ಹುಡುಗಿಯ ಟ್ರಂಕು ಕಟ್ಟಿಸಿದರೆ, ಬಾಯಿಬಿಟ್ಟವರಿಗೆ ಓದು ತಪ್ಪುತ್ತದೆ ಎಂಬ ಪಾಠ ಉಳಿದ ಮಕ್ಕಳಿಗೆಲ್ಲ ಆಗುತ್ತದೆ.

ಇಲ್ಲಿ ಒಂದು ಭಯದ ಬಗ್ಗೆ ಬಿಚ್ಚಿ ಮಾತಾಡಬೇಕು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸೀಮೆಯ ಚರ್ಚುಗಳ ಮೇಲೆ ದಾಳಿಯಾದದ್ದನ್ನು ನಮ್ಮ ಜನ ಮರೆತಿಲ್ಲ. ಮತಾಂತರದ ಆರೋಪ ಹೊರಿಸಿ ಪ್ರಾರ್ಥನಾ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿದ್ದಾರೆ. ‘ಈ ವಿಷಯ ಪೊಲೀಸ್ ಸ್ಟೇಷನ್ ಮುಟ್ಟಿದರೆ ನಾಳೆ ಇಡೀ ಸಮುದಾಯದ ಮೇಲೆ ಬೀಳ್ತಾರೆ’ ಎಂದು ಹಿರಿಯರು ಹೇಳುವಾಗ ಅದು ನೆಪವಲ್ಲ, ಎದೆಯೊಳಗಿನ ನಿಜವಾದ ನಡುಕ. ಆ ನಡುಕಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ ಸಮುದಾಯದ ಮಾನ ಕಾಯುವ ಭಾರವನ್ನು ಅಲ್ಲಿರುವವರಲ್ಲೇ ಅತಿ ಚಿಕ್ಕವಳ ಹೆಗಲಿಗೆ ಹೊರಿಸುವುದನ್ನು ಒಪ್ಪಲಾರೆ. ಅಲ್ಲದೆ, ತಾವಾಗಿಯೇ ಹೋಗಿ ದೂರು ಕೊಟ್ಟ ಸಂಸ್ಥೆಗೆ ಕೋರ್ಟಿನಲ್ಲೂ ಊರಿನಲ್ಲೂ ಹೇಳಿಕೊಳ್ಳಲು ಒಂದು ಮಾತಿರುತ್ತದೆ. ವರ್ಷಗಳ ನಂತರ ಬೇರೆ ಯಾರೋ ಹೊರಗೆಳೆದಾಗ ಅದೂ ಇರುವುದಿಲ್ಲ.

ಇದಕ್ಕೊಂದು ಉದಾಹರಣೆ ಫ್ರಾನ್ಸಿನದು, ಆದರೆ ಬೆಂಗಳೂರಿಗೂ ನಂಟಿದೆ. ಬುದ್ಧಿಮಾಂದ್ಯರೊಂದಿಗೆ ಒಂದೇ ಮನೆಯಲ್ಲಿ ಬಾಳುವ ‘ಲಾರ್ಶ್’ ಸಮುದಾಯವನ್ನು ಜಾನ್ ವಾನಿಯೆ 1964ರಲ್ಲಿ ಶುರುಮಾಡಿದರು. 1970ರಲ್ಲಿ ಬೆಂಗಳೂರಿನ ಆಶಾ ನಿಕೇತನ ಅದರ ಭಾರತದ ಮೊದಲ ಮನೆಯಾಯಿತು. ವಾನಿಯೆಯವರನ್ನು ಜಗತ್ತು ಜೀವಂತ ಸಂತರೆಂದೇ ಕಂಡಿತ್ತು. 2019ರಲ್ಲಿ ಅವರು ತೀರಿಕೊಂಡರು. ಮರುವರ್ಷ ಲಾರ್ಶ್ ಸಂಸ್ಥೆ, ತಾನೇ ಹೊರಗಿನವರಿಂದ ಮಾಡಿಸಿದ ತನಿಖೆಯ ಫಲವನ್ನು ಪ್ರಕಟಿಸಿತು: ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಕನಿಷ್ಠ ಆರು ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರು. 2023ರ ಅಧ್ಯಯನ ಆ ಸಂಖ್ಯೆಯನ್ನು ಕನಿಷ್ಠ 25ಕ್ಕೆ ಏರಿಸಿತು. ಅವರಾರೂ ಮಕ್ಕಳಲ್ಲ, ವಯಸ್ಕರು. ಅಂದರೆ ಹದಿನೆಂಟು ದಾಟಿದವರಿಗೂ ರಕ್ಷಣೆ ಬೇಕು, ವಿಶೇಷವಾಗಿ ಕೌನ್ಸೆಲಿಂಗ್ ಮತ್ತು ಪ್ರಾರ್ಥನೆಗೆಂದು ಒಬ್ಬರ ಮುಂದೆ ಮನಸ್ಸು ತೆರೆದಿಟ್ಟವರಿಗೆ. ತನ್ನ ಸಂಸ್ಥಾಪಕನ ಹೆಸರನ್ನೇ ಪಣಕ್ಕಿಟ್ಟು ಲಾರ್ಶ್ ಸತ್ಯವನ್ನು ಹೊರಗಿಟ್ಟಿತು, ಆ ಮನೆಗಳು ಇಂದಿಗೂ ನಡೆಯುತ್ತಿವೆ.

ನಮ್ಮ ಟ್ರಸ್ಟುಗಳಲ್ಲಿ ಆಯಾಗಳು, ಟೀಚರುಗಳು, ಸಂಬಳವಿಲ್ಲದೆ ಸೇವೆಗೆಂದು ಬಂದ ಯುವತಿಯರು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಈ ಸ್ಥಳೀಯ ಸಮಿತಿಯ ಹೆಸರನ್ನೇ ಕೇಳದ ಪಾಸ್ಟರುಗಳು ಬಹಳ. ವೃದ್ಧಾಶ್ರಮ ನಡೆಸುವವರು ಹಿರಿಯರ ಸಹಾಯವಾಣಿ 14567 ಅನ್ನೂ ಗೋಡೆಗೆ ಬರೆಸಲಿ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ‘ಒಳ್ಳೆ ಸಾಕ್ಷಿ ಇರುವ ಹುಡುಗ’, ಅಂದರೆ ನಡತೆ ಒಳ್ಳೆಯದು, ಎಂಬ ಮಾತಿನ ಮೇಲೆ ಹಾಸ್ಟೆಲಿನ ಕೀಲಿಕೈ ಕೊಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ಮಕ್ಕಳಿರುವ ಸಂಸ್ಥೆಗಳು ಪ್ರತಿ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಮತ್ತು ಹಿನ್ನೆಲೆ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಆದರೆ ಹಿಂದೆ ಯಾರೂ ದೂರು ಕೊಟ್ಟಿರದಿದ್ದರೆ ಪೊಲೀಸ್ ದಾಖಲೆ ಶುದ್ಧವಾಗಿಯೇ ಇರುತ್ತದೆ. ಆದ್ದರಿಂದ ಹಿಂದೆ ಕೆಲಸ ಮಾಡಿದ ಕಡೆಗೆ ನೀವೇ ಫೋನ್ ಮಾಡಿ, ‘ಇವರನ್ನು ಮತ್ತೆ ಮಕ್ಕಳ ಜೊತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ’ ಎಂದು ನೇರವಾಗಿ ಕೇಳಿ. ನಿಮಗೂ ಒಂದು ದಿನ ಅಂಥದೇ ಫೋನ್ ಬರುತ್ತದೆ. ದೂರು ಬಂದ ಕಾರಣಕ್ಕೆ ನೀವು ಕಳಿಸಿದವನ ಬಗ್ಗೆ ಬೇರೆ ಊರಿನ ಸಭೆಯವರು ವಿಚಾರಿಸುತ್ತಾರೆ. ಆಗ ‘ಒಳ್ಳೆಯವರು, ವೈಯಕ್ತಿಕ ಕಾರಣಕ್ಕೆ ಬಿಟ್ಟರು’ ಎನ್ನಬೇಡಿ. ಅವನ ಮೇಲೆ ದೂರು ಬಂದಿತ್ತು, ಪೊಲೀಸರಿಗೆ ಕೊಟ್ಟಿದ್ದೇವೆ, ಕೇಸು ಈಗ ಇಂಥ ಹಂತದಲ್ಲಿದೆ, ಇಷ್ಟನ್ನು ಹೇಳಿ. ಹುಡುಗಿಯ ಹೆಸರು, ಊರು, ಮನೆತನ ಯಾವುದನ್ನೂ ಹೇಳಬೇಡಿ.