ಗಿಡಗಳ ಅಂತರ ಮತ್ತು ರೋಗ: ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ?

ಗಿಡಗಳ ಅಂತರಕ್ಕೂ ರೋಗಕ್ಕೂ ಏನು ಸಂಬಂಧ ಅಂತ ಪರೀಕ್ಷೆಯಲ್ಲಿ ಕೇಳಿದರೆ, "ಅಂತರ ಜಾಸ್ತಿ ಕೊಟ್ಟರೆ ರೋಗ ಕಡಿಮೆ" ಅಂತ ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ, ಅಲ್ವಾ? ಅದು ತಪ್ಪಲ್ಲ. ಆದರೆ ಅರ್ಧ ಉತ್ತರ.

ಮೊದಲು ಹೆಕ್ಟೇರಿಗೆ ಎಷ್ಟು ಗಿಡ ಹಿಡಿಯುತ್ತದೆ ಅನ್ನುವ ಲೆಕ್ಕ ಮುಗಿಸೋಣ. ಟೊಮೆಟೊಗೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಬಿಟ್ಟರೆ ಒಂದು ಗಿಡಕ್ಕೆ ಸಿಗುವ ಜಾಗ 0.6 × 0.45 = 0.27 ಚದರ ಮೀಟರ್. ಹೆಕ್ಟೇರಿನ 10,000 ಚದರ ಮೀಟರನ್ನು ಇದರಿಂದ ಭಾಗಿಸಿ: ಸುಮಾರು 37,000 ಗಿಡ. 45ರ ಬದಲು 30 ಸೆಂ.ಮೀ. ಬಿಟ್ಟರೆ ಸುಮಾರು 55,500. ಸೆಂಟಿಮೀಟರನ್ನು ಮೀಟರಿಗೆ ತಿರುಗಿಸುವುದನ್ನು ಮಾತ್ರ ಮರೆಯಬೇಡಿ. ನಾನು ಎರಡು ಸಲ ಮರೆತಿದ್ದೇನೆ.

ಈಗ ರೋಗದ ವಿಷಯ. ರೋಗ ಬರಲು ಮೂರೂ ಕೂಡಬೇಕು: ರೋಗ ತಗುಲಬಲ್ಲ ಗಿಡ, ರೋಗಾಣು, ಅದಕ್ಕೆ ಒಗ್ಗುವ ಹವೆ. ಅಂತರ ಬದಲಾದರೆ ಗಿಡಗಳ ಸಂದಿಯ ಹವೆ ಬದಲಾಗುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಒತ್ತಾಗಿ ಬೆಳೆದ ಸಾಲಿನೊಳಗೆ ಕೈ ಹಾಕಿ, ಕೆಳಗಿನ ಎಲೆ ಮುಟ್ಟಿ ನೋಡಿ. ಮೇಲಿನ ಎಲೆಯ ಇಬ್ಬನಿ ಆಗಲೇ ಆರಿರುತ್ತದೆ, ಒಳಗಿನದು ಇನ್ನೂ ಒದ್ದೆ. ಅಲ್ಲಿ ಗಾಳಿ ಆಡುವುದಿಲ್ಲ, ಬಿಸಿಲು ಇಳಿಯುವುದಿಲ್ಲ. ಟೊಮೆಟೊ, ಆಲೂಗಡ್ಡೆಗೆ ಬರುವ ಕೊನೆ ಅಂಗಮಾರಿಯ ರೋಗಾಣು ಫೈಟಾಫ್ತೊರಗೆ ಬೇಕಾದ್ದು ಇದೇ. ತಂಪು ಹವೆಯಲ್ಲಿ ಅದರ ಬೀಜಕ (ರೋಗಾಣು ಹರಡಲು ಬಿಡುವ, ಬೀಜದಂಥ ಸೂಕ್ಷ್ಮ ಕಣ) ಒಡೆದು, ಬಾಲವಿರುವ ಸಣ್ಣ ಬೀಜಕಗಳು ಹೊರಬಂದು ಎಲೆ ಮೇಲಿನ ನೀರಿನ ಪೊರೆಯಲ್ಲಿ ಈಜುತ್ತವೆ. ಎಲೆ ಬೇಗ ಆರಿದರೆ ಅವುಗಳ ಆಟ ಅಲ್ಲಿಗೇ ಮುಗಿಯಿತು.

ಭತ್ತದ ಎಲೆ ಕವಚದ (ಕಾಂಡವನ್ನು ಸುತ್ತಿಕೊಂಡಿರುವ ಎಲೆಯ ಬುಡದ) ಅಂಗಮಾರಿಯಲ್ಲಿ ಇನ್ನೊಂದು ದಾರಿಯೂ ಇದೆ. ನೀರಿನ ಮಟ್ಟದ ಹತ್ತಿರ ಶುರುವಾದ ಮಚ್ಚೆ ಮೇಲಕ್ಕೆ ಹತ್ತುತ್ತದೆ. ಪಕ್ಕದ ಗಿಡದ ಎಲೆ ತಾಗಿದ್ದರೆ ಶಿಲೀಂಧ್ರದ ಎಳೆ ಸೀದಾ ಆ ಕಡೆ ದಾಟುತ್ತದೆ. ಒತ್ತು ನಾಟಿ ಅಂದರೆ ಅದಕ್ಕೆ ಸೇತುವೆ ಕಟ್ಟಿಕೊಟ್ಟ ಹಾಗೆ.

ಬೂದಿ ರೋಗಕ್ಕೆ ಈ ವಿವರಣೆ ಹೊಂದುವುದಿಲ್ಲ. ಅದರ ಬೀಜಕ ಮೊಳೆಯಲು ಎಲೆ ಮೇಲೆ ನೀರು ನಿಲ್ಲಬೇಕಿಲ್ಲ. ಹಾಗಾಗಿ ಎಲೆ ಆರಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಶೇಂಗಾದ ರೋಸೆಟ್ ರೋಗ. ಆಫ್ರಿಕಾದಲ್ಲಿ ಕಾಡುವ ಈ ನಂಜುರೋಗವನ್ನು (ವೈರಸ್ ರೋಗವನ್ನು) ಸಸ್ಯಹೇನು ಹರಡುತ್ತದೆ. ಹಾರಿ ಬರುವ ಹೇನಿಗೆ ಬರಿ ಮಣ್ಣಿನ ನಡುವೆ ಬಿಡಿಬಿಡಿಯಾಗಿ ನಿಂತ ಹಸಿರು ಗಿಡ ಚೆನ್ನಾಗಿ ಕಾಣುತ್ತದೆ. ಬೇಗ ಬಿತ್ತಿ, ಒತ್ತಾಗಿ ಬೆಳೆಸಿ ಮಣ್ಣು ಮುಚ್ಚಿದರೆ ಇಳಿಯುವ ಹೇನು ಕಡಿಮೆ. ಇಲ್ಲಿ ಅಂತರ ಜಾಸ್ತಿಯಾದರೆ ರೋಗವೂ ಜಾಸ್ತಿ! ಪ್ರಶ್ನೆಯಲ್ಲಿ ರೋಗದ ಹೆಸರಿದ್ದರೆ, ಅದು ಹೇಗೆ ಹರಡುತ್ತದೆ ಅಂತ ನೋಡಿ ಆಮೇಲೆ ಉತ್ತರ ಶುರುಮಾಡಿ.

ಇನ್ನೊಂದು ಮಾತು. ನಾಟಿ ದಿನದ ಅಂತರ ಹೂ ಬಿಡುವ ಹೊತ್ತಿಗೆ ಹಾಗೇ ಉಳಿದಿರುವುದಿಲ್ಲ. ಸಾರಜನಕ ಸುಮ್ನೆ ಸುರಿದರೆ ಎಲೆ ಸೊಕ್ಕಿ ಬೆಳೆದು, 60 ಸೆಂ.ಮೀ. ಸಾಲೂ ಮುಚ್ಚಿಹೋಗುತ್ತದೆ.