ಗಟಾರ ಸ್ವಚ್ಛ ಮಾಡಿಸಿದ್ರೂ ಡೆಂಗಿ ಯಾಕೆ ಬಂತು?

ಪ್ರಶ್ನೆ: ಸರ್, ನಾವು ರಾಯಚೂರಿನವರು. ಓಣಿಯವರೆಲ್ಲ ರೊಕ್ಕ ಕೂಡಿಸಿ ಗಟಾರದ ಹೂಳು ತೆಗೆಸಿದೆವು, ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ಆದರೂ ಎರಡು ಮನೆಯಲ್ಲಿ ಡೆಂಗಿ. ಹೊಗೆ ಹೊಡೆಸಲು ಯಾರಿಗೆ ಹೇಳಬೇಕು?

ಉತ್ತರ: ಮುಂಗಾರು ನಾಲ್ಕು ಹನಿ ಉದುರಿಸಿ ಹದಿನೈದು ದಿನ ಆಗುತ್ತಿದ್ದಂತೆ ಈ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ. ಹೋದ ವರ್ಷದ ಉತ್ತರವನ್ನೇ ಮತ್ತೆ ಹಾಕಿಬಿಡೋಣ ಅನಿಸಿತ್ತು, ಆದರೆ ಅದನ್ನು ಓದಿದವರು ಯಾರೂ ಬ್ಯಾರಲ್ ತಿಕ್ಕಿದ ಹಾಗೆ ಕಾಣಲಿಲ್ಲ. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ.

ಡೆಂಗಿ ಸೊಳ್ಳೆ ಗಟಾರದಲ್ಲಿ ಹುಟ್ಟುವುದಿಲ್ಲ. ಅದರ ಹೆಸರು ಈಡಿಸ್ ಈಜಿಪ್ಟಿ. ಕಾಲ ಮೇಲೆ ಬಿಳಿ ಪಟ್ಟೆ ಇರುತ್ತದೆ. ಹಗಲು ಕಚ್ಚುತ್ತದೆ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುಂಚೆ ಜಾಸ್ತಿ. ಅದಕ್ಕೆ ಬೇಕಾದದ್ದು ನಿಂತ, ಹೊಲಸಿಲ್ಲದ ನೀರು. ಅಂದರೆ ನೀವು ನಳ ಬಂದ ದಿನ ತುಂಬಿಟ್ಟುಕೊಂಡ ನೀರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿ ಬ್ಯಾರಲ್ ಇಲ್ಲದ ಮನೆ ತೋರಿಸಿ ನೋಡೋಣ! ನಳ ಯಾವಾಗ ಬಂದೀತು ಅನ್ನೋದು ಗೊತ್ತಿಲ್ಲದವರು ನೀರು ತುಂಬಿಡದೆ ಏನು ಮಾಡಬೇಕು? ಅದು ನಿಮ್ಮ ತಪ್ಪಲ್ಲ. ಆದರೆ ಮುಚ್ಚಳ ಇಲ್ಲದ್ದು ನಿಮ್ಮ ತಪ್ಪೇ.

ನಾನು ಆರೋಗ್ಯ ಇಲಾಖೆಯಲ್ಲಿದ್ದಾಗ ಲಾರ್ವಾ, ಅಂದರೆ ನೀರಲ್ಲಿರುವ ಸೊಳ್ಳೆಯ ಮರಿಹುಳದ ಸಮೀಕ್ಷೆಗೆ ಮನೆ ಮನೆ ತಿರುಗುತ್ತಿದ್ದೆ. ಜನ ನನ್ನನ್ನು ಮಲೇರಿಯಾ ಸರ್ ಅನ್ನುತ್ತಿದ್ದರು. ಬಾಗಿಲಲ್ಲಿ ನಿಂತ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಗಟಾರದ ಕಡೆಗೆ. "ಅದನ್ ನೋಡ್ರಿ ಸರ್ ಮೊದ್ಲು!" ನಾನು ಸೀದಾ ಬಚ್ಚಲ ಮನೆಗೆ ಹೋಗಿ ಬ್ಯಾರಲ್‌ಗೆ ಬ್ಯಾಟರಿ ಬಿಡುತ್ತಿದ್ದೆ. ಬೆಳಕು ಬಿದ್ದರೆ ಸಾಕು, ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ಹುಳಗಳೆಲ್ಲ ಕುಲುಕುತ್ತಾ ತಳಕ್ಕೆ ಇಳಿಯುತ್ತವೆ. ಸುಮ್ನೆ ಅಲ್ಲಾಡದೆ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಉಸಿರಾಡಲು ಒಂದೊಂದೇ ಮೇಲೆ ಬರುತ್ತವೆ. ಆಗ ಒಂದು ಸೌಟು ನೀರು ತೆಗೆದು ಬಿಳಿ ತಟ್ಟೆಗೆ ಹಾಕಿ ಮನೆಯವರಿಗೆ ತೋರಿಸುತ್ತಿದ್ದೆ. ಒಬ್ಬ ಅಜ್ಜಿ ಅದನ್ನು ನೋಡಿ ಏನಂದರು ಗೊತ್ತಾ? "ಅವು ನೀರ್ ಹುಳಾ ರೀ ಸರ್, ಏನೂ ಮಾಡಂಗಿಲ್ಲ. ಹುಳಾ ಅದಾವು ಅಂದ್ರ ನೀರು ಚಲೋ ಅದಾವು ಅಂತ." ಎರಡನೇ ಮಾತು ಅರ್ಧ ನಿಜ. ನೀರು ಚಲೋ ಇರುವುದಕ್ಕೇ ಆ ಹುಳ ಅಲ್ಲಿವೆ. ಮೊದಲನೇ ಮಾತಿಗೆ ನಾನು ಅರ್ಧ ಗಂಟೆ ಉತ್ತರ ಕೊಟ್ಟು, ಚಹಾ ಕುಡಿದು ಎದ್ದೆ.

ಇನ್ನು ಕೆಲವರು ಹೇಳುತ್ತಾರೆ: "ನಾವು ಬ್ಯಾರಲ್ ಪೂರಾ ಖಾಲಿ ಮಾಡೇ ತುಂಬುತ್ತೇವೆ ಸರ್." ಒಳ್ಳೆಯದು, ಆದರೆ ಸಾಲದು. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ ಒದ್ದೆಯಾಗಿರುವ ಗೋಡೆಗೆ. ಮಸಿಯ ಚುಕ್ಕಿಯಷ್ಟು ಸಣ್ಣ ಮೊಟ್ಟೆ. ಅವು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದಾಗ ಮರಿಯಾಗುತ್ತವೆ, ಬಿಸಿಲ ಕಾಲದಲ್ಲಿ ವಾರ ಹತ್ತು ದಿನಕ್ಕೆ ಹಾರುವ ಸೊಳ್ಳೆಯೇ ಆಗುತ್ತವೆ. ಹಾಗಾಗಿ ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ, ಒಳಗಿನ ಗೋಡೆಯನ್ನು ತೆಂಗಿನ ನಾರು ಇಲ್ಲವೇ ಬ್ರಷ್ ಹಿಡಿದು ಗಸಗಸ ತಿಕ್ಕಿ ತೊಳೆಯಬೇಕು. ಖಾಲಿ ಮಾಡಲು ಆಗದ ದೊಡ್ಡ ತೊಟ್ಟಿಗೆ ಬಿಗಿ ಮುಚ್ಚಳ, ಮುಚ್ಚಳ ಇಲ್ಲದಿದ್ದರೆ ಹಳೇ ಸೀರೆ ಕಟ್ಟಿ. ದನದ ಬಾನಿ, ಬಾವಿಗೆ ಈ ಹುಳ ತಿನ್ನುವ ಗಪ್ಪಿ ಮೀನು ಬಿಡಬಹುದು, ಕೇಳಿದರೆ ಆರೋಗ್ಯ ಸಿಬ್ಬಂದಿಯೇ ಹೇಳುತ್ತಾರೆ.

ನಮ್ಮ ಕಡೆ ಇನ್ನೊಂದು ಜಾಗ ಇದೆ, ಯಾರಿಗೂ ನೆನಪಾಗುವುದಿಲ್ಲ: ಕೂಲರ್. ಬೇಸಿಗೆಯಲ್ಲಿ ಅದಿಲ್ಲದೆ ನಿದ್ದೆ ಇಲ್ಲ. ಕಾರಹುಣ್ಣಿಮೆ ಹೊತ್ತಿಗೆ ಎರಡು ಮಳೆ ಬಿದ್ದಿತು ಅಂದರೆ ಸ್ವಿಚ್ ಆರಿಸಿ ಮೂಲೆಗೆ ತಳ್ಳುತ್ತೇವೆ, ತಳದ ನೀರು ಹಾಗೇ ಇರುತ್ತದೆ. ಆಮೇಲೆ ಫ್ರಿಜ್ ಹಿಂದಿನ ಟ್ರೇ, ಮಾಳಿಗೆ ಮೇಲಿನ ಟೈರು, ಹಿತ್ತಲಿನ ಒರಳು, ತೆಂಗಿನ ಚಿಪ್ಪು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನನ್ನ ಮನೆಯಲ್ಲೇ, ಟಿವಿ ಪಕ್ಕದ ಮನಿ ಪ್ಲಾಂಟ್ ಬಾಟಲಿಯಲ್ಲಿ ಹುಳ ಆಗಿದ್ದವು. ತೋರಿಸಿದ್ದು ಮಗಳು. ವಾರಗಟ್ಟಲೆ ನಗಾಡಿದಳು.

ಹೊಗೆ ವಿಷಯ. ಹೊಗೆ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ಬ್ಯಾರಲ್ ಒಳಗಿನ ಹುಳಕ್ಕೆ ಅದು ತಾಗುವುದೇ ಇಲ್ಲ. ಈಡಿಸ್ ಇರುವುದೇ ಮನೆ ಒಳಗೆ, ಮಂಚದ ಕೆಳಗೆ, ನೇತುಹಾಕಿದ ಅಂಗಿ ಹಿಂದೆ. ಬಂಡಿ ಬಂದ ಕೂಡಲೇ ನಾವು ಕಿಟಕಿ ಬಾಗಿಲು ಹಾಕಿಕೊಳ್ಳುತ್ತೇವೆ. ಆಯ್ತಲ್ವಾ? ರೋಗಿ ಸಿಕ್ಕ ಮನೆಯ ಸುತ್ತ ಹೊಗೆ ಹಾಕುವುದರಲ್ಲಿ ಅರ್ಥ ಇದೆ, ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆದರೆ ಎರಡು ದಿನ ಬಿಟ್ಟು ನಿಮ್ಮದೇ ಬ್ಯಾರಲ್‌ನಿಂದ ಹೊಸ ಸೊಳ್ಳೆ ಎದ್ದರೆ ನನ್ನನ್ನು ಕೇಳಬೇಡಿ. ಈ ಸೊಳ್ಳೆ ದೂರ ಹಾರುವುದೂ ಇಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದ್ದು, ಇಲ್ಲವೇ ನೆರೆಮನೆಯದ್ದು.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಝಿಕಾ ಪ್ರಕರಣ ಪತ್ತೆಯಾದದ್ದು ನಮ್ಮ ರಾಯಚೂರು ಜಿಲ್ಲೆಯಲ್ಲೇ. ಅದನ್ನು ಹರಡುವುದೂ ಇದೇ ಸೊಳ್ಳೆ.

ಜ್ವರ ಬಂದವರಿಗೆ ಎರಡೇ ಮಾತು. ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಇಳಿದ ಮೇಲೆ ಹೊಟ್ಟೆ ನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಿ, ಏಕೆಂದರೆ ಡೆಂಗಿಯಲ್ಲಿ ಅಪಾಯ ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ಪಪ್ಪಾಯಿ ಎಲೆ ವಿಷಯ ಇವತ್ತು ಬೇಡ.

ಹಾಗಾದರೆ ಗಟಾರದ ಸೊಳ್ಳೆ ಏನೂ ಮಾಡಲ್ವಾ? ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅದು ಕ್ಯೂಲೆಕ್ಸ್. ಆನೆಕಾಲು ರೋಗ ಹರಡುವುದು ಅದು, ಆದ್ದರಿಂದ ನೀವು ಹೂಳಿಗೆ ಕೊಟ್ಟ ರೊಕ್ಕ ನೀರುಪಾಲಾಗಿಲ್ಲ. ಅದೇ ಜಾತಿಯ ಇನ್ನೊಂದು ಸೊಳ್ಳೆ ಭತ್ತದ ಗದ್ದೆಯ ನಿಂತ ನೀರಲ್ಲಿ ಬೆಳೆಯುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರು ಸ್ವಲ್ಪ ಗಮನ ಕೊಡಿ. ಹಂದಿ ಮತ್ತು ಕೊಕ್ಕರೆ ಮೈಯಲ್ಲಿರುವ ಜಪಾನೀಸ್ ಎನ್ಸೆಫಲೈಟಿಸ್ (ಜೆಇ) ವೈರಸ್ಸನ್ನು ಅದು ಮಕ್ಕಳಿಗೆ ದಾಟಿಸುತ್ತದೆ, ಮಿದುಳು ಜ್ವರ ಬರುತ್ತದೆ. ಬದುಕಿದವರಲ್ಲೂ ಎಷ್ಟೋ ಮಕ್ಕಳ ಕೈಕಾಲು, ಮಾತು ಮೊದಲಿನಂತೆ ಆಗುವುದಿಲ್ಲ. ಡೆಂಗಿಗೆ ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಏನೂ ಇಲ್ಲ, ಇದಕ್ಕೆ ಇದೆ. 2006ರಲ್ಲಿ ದೇಶದಲ್ಲಿ ಮೊದಲ ಸುತ್ತಿನ ಜೆಇ ಲಸಿಕೆ ಅಭಿಯಾನ ನಡೆದಾಗ, ಆರಿಸಿಕೊಂಡ 11 ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿತ್ತು. ಈಗ ನಮ್ಮಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು ಡೋಸ್ ಕೊಡುತ್ತಾರೆ, ಪುಕ್ಕಟೆ. ತಾಯಿ ಕಾರ್ಡ್ ತೆಗೆದು ಜೆಇ ಅಂತ ಬರೆದಲ್ಲಿ ತಾರೀಖು ಬಿದ್ದಿದೆಯಾ ನೋಡಿ. ಖಾಲಿ ಇದ್ದರೆ ಆಶಾ ಅಕ್ಕನ್ನ ಕೇಳಿ, ಲಸಿಕೆ ದಿನ ಯಾವತ್ತು ಅಂತ ಅವರೇ ಹೇಳುತ್ತಾರೆ.